ಕುಸ್ತಿ ಕಣದ ಪಕ್ಕದ ಸೀತನಿ

ಟ್ರ್ಯಾಕ್ಟರಿನ ಟ್ರೇಲರಿಗೆ ಹಿಂದೊಂದು ಬಾಗಿಲಿರುತ್ತದೆ. ಎರಡು ಕಡೆಯ ಕೊಂಡಿ ತೆಗೆದರೆ ದಡ್ಡೆಂದು ಕೆಳಗೆ ಬೀಳುತ್ತದೆ. ಅದನ್ನು ಮಾಡಿದ ಪುಣ್ಯಾತ್ಮ ಗೊಬ್ಬರ ಇಳಿಸಲು, ಕಬ್ಬು ಇಳಿಸಲು ಅನುಕೂಲವಾಗಲಿ ಎಂದೇ ಮಾಡಿದ್ದಾನು. ಆದರೆ ನಮ್ಮ ತಿಕೋಟಾದ ಹೆಣ್ಣುಮಕ್ಕಳನ್ನು ಕೇಳಿ ನೋಡಿ. ಎರಡು ಸರಪಳಿ ಬಿಗಿದು ಆ ಬಾಗಿಲನ್ನು ಅಡ್ಡ ನಿಲ್ಲಿಸಿ, ಮೇಲೊಂದು ಹಳೆಯ ಸೀರೆ ಹಾಸಿದರೆ, ರೊಟ್ಟಿ ಬುಟ್ಟಿ, ಮೊಸರಿನ ಗಡಿಗೆ, ಶೇಂಗಾ ಹಿಂಡಿ ಎನ್ನುವ ಚಟ್ನಿಪುಡಿಯ ಡಬ್ಬಿ ಎಲ್ಲಕ್ಕೂ ಜಾಗವಾಗುತ್ತದೆ. ಬಡಿಸುವವರು ಬಗ್ಗಬೇಕಾಗಿಲ್ಲ. ಮನೆಯಲ್ಲಿ ವರ್ಷವಿಡೀ ಬಗ್ಗಿ ಬಡಿಸುವ ನನ್ನ ನಡುವಿಗೆ ವರ್ಷದಲ್ಲಿ ಒಂದು ದಿನ ಸಿಗುವ ಈ ಪುಣ್ಯವನ್ನು ನಾನು ಸಣ್ಣದೆಂದು ಎಣಿಸುವುದಿಲ್ಲ.

ಆ ಒಂದು ದಿನ ಸಂಕ್ರಾಂತಿಯ ಮರುದಿನದ ಕರಿ. ಕರಿಯ ದಿನ ಒಳ್ಳೆಯ ಕೆಲಸ ಮಾಡಬಾರದು ಎಂದು ನಮ್ಮಲ್ಲಿ ನಂಬಿಕೆ. ಹೆಣ್ಣು ನೋಡಲು ಹೋಗುವಂತಿಲ್ಲ, ಹೊಸ ಬಟ್ಟೆ ಉಡುವಂತಿಲ್ಲ, ಹೊಸ ಒಲೆ ಹೂಡುವಂತಿಲ್ಲ. ಆದರೆ ಕುಸ್ತಿ ಹಿಡಿಯಬೇಡಿ, ಹೊಟ್ಟೆ ತುಂಬ ತಿನ್ನಬೇಡಿ ಎಂದು ಪಂಚಾಂಗ ಬರೆದವರು ಎಲ್ಲಿಯೂ ಬರೆದಂತಿಲ್ಲ. ಹಾಗಾಗಿ ಅಂದು ಬಬಲೇಶ್ವರದ ಹೊರಗಿನ ಬಯಲಿನಲ್ಲಿ ಕುಸ್ತಿ. ಮಧ್ಯಾಹ್ನ ಎರಡಕ್ಕೆ ಹಲಗೆ ಬಡಿದರೂ ಜನ ಬೆಳಿಗ್ಗೆ ಒಂಬತ್ತಕ್ಕೇ ಬಂದು ಕಣದ ಸುತ್ತ ಬಂಡಿ, ಟ್ರ್ಯಾಕ್ಟರು ನಿಲ್ಲಿಸುತ್ತಾರೆ. ಐದು ತಾಸು ಸುಮ್ಮನೆ ಕೂಡುವುದು ಹೇಗೆ? ಪ್ರತಿ ಗಾಡಿಯ ಹಿಂದೆಯೂ ಒಂದೊಂದು ಹೊಗೆ ಏಳುತ್ತದೆ. ನಿಜ ಹೇಳಬೇಕೆಂದರೆ ಕುಸ್ತಿ ಒಂದು ನೆವ.

ಈ ಬಯಲಿನ ಅಡುಗೆಯ ವಿಶೇಷವೆಂದರೆ ಗಂಡಸರು. ಮನೆಯಲ್ಲಿ ಉಪ್ಪಿನ ಡಬ್ಬಿ ಎಲ್ಲಿದೆ ಎಂದು ಹತ್ತು ವರ್ಷದ ಸಂಸಾರದ ನಂತರವೂ ಕೇಳುವವರು ಇಲ್ಲಿ ಮಾತ್ರ ಕೈಯಲ್ಲೊಂದು ಕೋಲು ಹಿಡಿದು ಕೆಂಡದ ಮುಂದೆ ಪಂಡಿತರಾಗಿಬಿಡುತ್ತಾರೆ. ಗಾಳಿ ಯಾವ ಕಡೆ, ಸಗಣಿಯ ಕುಳ್ಳು ಯಾವ ಎಮ್ಮೆಯದು, ಬದನೆಕಾಯಿಗೆ ಎಷ್ಟು ಕಡೆ ಚುಚ್ಚಬೇಕು ಎಂದು ವಾದ ಹೂಡುತ್ತಾರೆ. ಅಷ್ಟರಲ್ಲಿ ಬದನೆಕಾಯಿ ಸುಟ್ಟು ಹೋಗಿರುತ್ತದೆ. ನಾಲ್ಕು ಗೋಡೆಯ ನಡುವಿನ ಬೆಂಕಿ ಹೆಂಗಸರದು, ಆಕಾಶದ ಕೆಳಗಿನ ಬೆಂಕಿ ಗಂಡಸರದು ಎಂದು ಯಾರು ಹಂಚಿಕೊಟ್ಟರೋ ಕಾಣೆ. ನಮ್ಮವರಂತೂ ಟ್ರ್ಯಾಕ್ಟರ್ ನಿಲ್ಲಿಸಿದ ಕೂಡಲೇ ಬೇರೆಯವರ ಒಲೆಗೆ ಬುದ್ಧಿ ಹೇಳಲು ಹೋಗಿಬಿಡುತ್ತಿದ್ದರು. ಅದೂ ಒಂದು ಕೃಪೆಯೇ. ನಮ್ಮ ಒಲೆ ಉಳಿಯಿತು.

ನಾನು ಹುಟ್ಟಿ ಬೆಳೆದದ್ದು ಬಿಜಾಪುರದ ಜೋರಾಪುರ ಪೇಟೆಯಲ್ಲಿ, ಸೀಮೆಎಣ್ಣೆ ಸ್ಟೋವಿನ ಮುಂದೆ. ಮದುವೆಯಾಗಿ ತಿಕೋಟಾಕ್ಕೆ ಬಂದ ಮೊದಲ ಕರಿಗೆ ಸೀತನಿ ಸುಡುವ ಕೆಲಸ ನನ್ನ ಪಾಲಿಗೆ ಬಂತು. ಅತ್ತೆ ನಾನು ಬರುವ ಮೊದಲೇ ಶಿವನ ಪಾದ ಸೇರಿದ್ದರಿಂದ ತೋರಿಸಿಕೊಡುವವರು ಇರಲಿಲ್ಲ. ಸೀತನಿ ಎಂದರೆ ಗೊತ್ತಲ್ಲ, ಇನ್ನೂ ಹಾಲು ಆರದ ಎಳೆಯ ಜೋಳದ ತೆನೆ. ನಾನು ತೆನೆಗಳನ್ನು ನೇರ ಉರಿಗೇ ಹಿಡಿದೆ. ಹೊಟ್ಟು ಭುಗ್ಗೆಂದು ಹೊತ್ತಿತು, ಕಾಳು ಹಸಿಯಾಗಿಯೇ ಉಳಿಯಿತು. ಮಾವ ಬಂದು ನನ್ನ ಮುಖವನ್ನೇ ನೋಡುತ್ತ ನಿಂತರು.

"ತಂಗಿ, ತೆನಿ ಸುಡಂತ ಹೇಳಿದ್ರ ಹುಬ್ಬ ಯಾಕ ಸುಟಗೊಂಡಿ ಬೇ?"

ಆಮೇಲೆ ಅವರೇ ಕೂತು ಕಲಿಸಿದರು. ನೆಲದಲ್ಲಿ ಮೊಣಕೈ ಆಳದ ಕುಣಿ. ಅದರಲ್ಲಿ ಕುಳ್ಳು ಉರಿದು, ಉರಿ ಸತ್ತು, ಕೆಂಡದ ಮೇಲೆ ಬೂದಿಯ ತೆಳುವಾದ ಪೊರೆ ಬರಬೇಕು. ಆಗ ತೆನೆಗಳನ್ನು ಒಂದರ ಪಕ್ಕ ಒಂದು ಮಲಗಿಸಬೇಕು. ಹೊಗೆ ದಟ್ಟವಾಗಿರುವ ತನಕ ಮುಟ್ಟಬಾರದು, ತೆಳುವಾದಾಗ ಹೊರಳಿಸಬೇಕು. ಸುಟ್ಟ ತೆನೆಗಳನ್ನು ಗೋಣಿಚೀಲಕ್ಕೆ ಹಾಕಿ ಕೋಲಿನಿಂದ ಬಡಿದು, ಮರದಲ್ಲಿ, ಎಂದರೆ ಮೊರದಲ್ಲಿ, ಕೇರಿದರೆ ಹೊಟ್ಟು ಹಾರಿ ಹೋಗಿ ಹಸಿರು ಕಾಳು ಉಳಿಯುತ್ತದೆ. ಬಿಸಿಯಿದ್ದಾಗಲೇ ಅಂಗೈಗೆ ಸುರಿದುಕೊಂಡು, ಮೇಲೆ ಶೇಂಗಾ ಹಿಂಡಿ, ಒಂದು ಚೂರು ಬೆಲ್ಲ. ಸೀತನಿ ತಿಂದ ಮೇಲೆ ನೀರು ಕುಡಿಯಬಾರದು, ಮಜ್ಜಿಗೆ ಕುಡಿಯಬೇಕು. ಇನ್ನೊಂದು ಮಾತನ್ನು ಮಾವ ಹೇಳಲಿಲ್ಲ, ನಾನೇ ಕಂಡುಕೊಂಡೆ: ಸೀತನಿ ತಿನ್ನುವವರಿಗೆ ಎಷ್ಟು ತಿಂದೆನೆಂಬ ಎಚ್ಚರ ಇರುವುದಿಲ್ಲ. ರೊಟ್ಟಿಯಾದರೆ ಒಂದು, ಎರಡು ಎನ್ನಬಹುದು. ಕಾಳನ್ನು ಯಾರು ಎಣಿಸುತ್ತಾರೆ?

ನಾಲ್ಕನೆಯ ವರ್ಷದ ಹೊತ್ತಿಗೆ ನನ್ನ ಕೈ ಕುದುರಿತು. ಅಕ್ಕಪಕ್ಕದ ಬಂಡಿಯವರು "ನೀಲವ್ವಾರ, ಒಂದ ಹಿಡಿ ಕೊಡ್ರಿ" ಎಂದು ಬರತೊಡಗಿದರು. "ಎಲ್ಲಾ ಶಿವನ ಕೃಪಾ" ಎಂದು ಹೇಳಿ ಕೊಡುತ್ತಿದ್ದೆ.

ಸುಡುವುದು ಕೀಳು ಅಡುಗೆ ಎಂದು ಪೇಟೆಯವರು ತಿಳಿದಿರುತ್ತಾರೆ. ಪಾತ್ರೆ ಇಲ್ಲ, ಒಗ್ಗರಣೆ ಇಲ್ಲ, ಕಾಡಿನವರ ರೀತಿ ಎಂದು. ಶ್ರಾವಣದಲ್ಲಿ ನಮ್ಮ ಮಠದಲ್ಲಿ ಪುರಾಣ ಹೇಳಿದ ಶಾಸ್ತ್ರಿಗಳು, ಹಿಂದಿನ ಕಾಲದಲ್ಲಿ ದೇವತೆಗಳು ಬೆಂಕಿಯ ಬಾಯಿಂದಲೇ ಉಣ್ಣುತ್ತಿದ್ದರು ಎಂದರು. ಕೇಳುತ್ತ ನನಗೆ ಅನಿಸಿತು: ಹಾಗಿದ್ದರೆ ಅವರಿಗೆ ಸಿಕ್ಕದ್ದೆಲ್ಲ ಸುಟ್ಟದ್ದೇ. ಅನ್ನ ಸಾರು ಕಂಡವರಲ್ಲ. ಅದಕ್ಕೇ ಇರಬೇಕು, ದೇವತೆಗಳ ಮನೆಯಲ್ಲಿ ಪಾತ್ರೆ ತಿಕ್ಕಿದ ಕಥೆ ಯಾವ ಪುರಾಣದಲ್ಲೂ ಬರುವುದಿಲ್ಲ. ಶಾಸ್ತ್ರಿಗಳಿಗೆ ಈ ಮಾತು ಹೇಳುವ ಧೈರ್ಯವಾಗಲಿಲ್ಲ.

ಈಗ ಆ ವರ್ಷದ ಮಾತಿಗೆ ಬರುತ್ತೇನೆ. ಆರು ವರ್ಷದ ಹಿಂದಿನದು. ನನ್ನ ಮೈದುನ ಸಂಗಪ್ಪನಿಗೆ ಆಗ ಇಪ್ಪತ್ತೆರಡು. ತಾಯಿಯಿಲ್ಲದವನು, ನನ್ನ ಕೈಯಲ್ಲಿ ಉಂಡು ಪೈಲ್ವಾನನಾದವನು. ವಾರಕ್ಕೆ ಮೂರು ದಿನ ಬಸ್ಸು ಹತ್ತಿ ಬಿಜಾಪುರದ ತಾಲೀಮಿಗೆ ಹೋಗುತ್ತಿದ್ದ. ಮಾವನಿಗೆ ತಮ್ಮ ಕಾಲದಲ್ಲಿ ಕೊಲ್ಲಾಪುರದ ದೊಡ್ಡ ತಾಲೀಮಿಗೆ ಸೇರುವ ಆಸೆಯಿತ್ತಂತೆ, ಅವರ ತಂದೆ ಕಳಿಸಲಿಲ್ಲವಂತೆ. ಆ ಆಸೆ ಮಗನ ಮೇಲೆ ಬಂದು ಕೂತಿತ್ತು. ಕರಿಗೆ ಒಂದು ತಿಂಗಳಿರುವಾಗ ಪಡಸಾಲೆಯಲ್ಲಿ ನಾಲ್ಕು ಜನರ ಮುಂದೆ ಹೇಳಿಬಿಟ್ಟರು.

"ಬಬಲೇಶ್ವರದಾಗ ಈ ಸಲ ಗೆದ್ದಿ ಅಂದ್ರ ಮರುದಿನಾನ ಕೊಲ್ಲಾಪುರಕ್ಕ ಕಳಸ್ತೀನಿ. ಸೋತಿ ಅಂದ್ರ ಕೂರಿಗಿ ಹಿಡಿ. ಎರಡೂ ದೋಣ್ಯಾಗ ಕಾಲಿಡೂದು ಸಾಕು."

ಕೂರಿಗೆ ಎಂದರೆ ಬಿತ್ತುವ ಕೂರಿಗೆ. ಸಂಗಪ್ಪ ತಲೆ ತಗ್ಗಿಸಿ "ಹೂಂ" ಎಂದ. ಮರುದಿನದಿಂದ ಅವನಿಗೆ ಎರಡು ಸೇರು ಹಾಲು, ನೆನೆಸಿದ ಬದಾಮಿ, ತುಪ್ಪ. ನಾನು ಲಿಂಗಪೂಜೆಗೆ ಕೂತಾಗ, ಹುಡುಗನ ಜನ್ಮ ಒಂದು ದಿನದ ಮೇಲೆ ನಿಂತಿದೆ, ಶಿವನೇ, ಆ ದಿನ ನೀನು ಬೇರೆ ಕಡೆ ನೋಡಬೇಡ ಎಂದು ಬೇಡಿಕೊಳ್ಳುತ್ತಿದ್ದೆ.

ಕರಿಯ ದಿನ ನಮ್ಮ ಟ್ರೇಲರ್ ಪಕ್ಕಕ್ಕೆ ಬಂದು ನಿಂತದ್ದು ಖತೀಜಾಬಿಯ ಮನೆಯವರ ಟ್ರಕ್ಕು. ಜೋರಾಪುರ ಪೇಟೆಯಲ್ಲಿ ಅವರ ಮನೆಗೂ ನಮ್ಮ ತವರಿಗೂ ಒಂದೇ ಗೋಡೆ. ನನ್ನನ್ನು ಸಣ್ಣವಳಿದ್ದಾಗ ಸೊಂಟದ ಮೇಲೆ ಹೊತ್ತು ತಿರುಗಿದವಳು. ಅವಳ ಹಿರಿಯ ಮಗ ದಸ್ತಗೀರನೂ ಅದೇ ಬಿಜಾಪುರದ ತಾಲೀಮಿನವನು. ಅಂದು ಸಂಗಪ್ಪನ ಎದುರಿಗೆ ಇಳಿಯುವವನೂ ಅವನೇ. ಅವಳು ತನ್ನವನಿಗೆ, ನಾನು ನಮ್ಮವನಿಗೆ ದೇವರನ್ನು ಬೇಡಿಕೊಂಡು ಬಂದಿದ್ದೆವು. ಇಬ್ಬರಿಗೂ ಅದು ಗೊತ್ತಿತ್ತು, ಇಬ್ಬರೂ ಆ ಮಾತು ತೆಗೆಯಲಿಲ್ಲ.

ಅವಳ ಒಲೆಯ ಮೇಲೆ ಕಬ್ಬಿಣದ ಕಡ್ಡಿಗೆ ಪೋಣಿಸಿದ ಮಾಂಸ ಸುಡುತ್ತಿತ್ತು. ನಾನು ಕೊರಳಲ್ಲಿ ಲಿಂಗ ಕಟ್ಟಿಕೊಂಡವಳು. ಗಾಳಿ ಪಡುವಣದಿಂದ ಬೀಸಿ ಆ ವಾಸನೆಯನ್ನು ಆಚೆ ಒಯ್ಯುತ್ತಿದ್ದುದಕ್ಕೆ ಶಿವನಿಗೊಂದು ಶರಣು ಹೇಳಿದೆ. ಅಷ್ಟರಲ್ಲಿ ನೋಡಿದರೆ, ಇಬ್ಬನಿ ತಾಗಿದ ನಮ್ಮ ಕುಳ್ಳು ಹತ್ತಲೊಲ್ಲದು. ಅರ್ಧ ಕಡ್ಡಿಪೆಟ್ಟಿಗೆ ಮುಗಿಯಿತು. ಖತೀಜಾಬಿ ನೋಡಿ ನೋಡಿ, ತನ್ನ ಒಲೆಯಿಂದ ನಾಲ್ಕು ಕೆಂಡ ಒಡೆದ ಹಂಚಿನ ಚೂರಿನಲ್ಲಿ ತಂದಳು.

"ತಗೋ ನೀಲಿ. ನಿನ್ನ ಮಡಿಗಿ ಬರತೈತೋ ಇಲ್ಲೋ ನೋಡ್ಕೊ."

ಒಂದು ಕ್ಷಣ ಯೋಚಿಸಿದೆ. ಬೆಂಕಿಗೆ ಮಡಿ ಕೊಡಲು ನಾನು ಯಾರು? ಅದೇ ನಮಗೆ ಕೊಡಬೇಕು. ಒಂದು ಚಿಟಿಕೆ ವಿಭೂತಿ ಉದುರಿಸಿ ಕೆಂಡ ಇಸಿದುಕೊಂಡೆ. ಸೀತನಿ ಅಂದು ಬೇಗ ಸುಟ್ಟಿತು.

ಹನ್ನೊಂದರ ಸುಮಾರಿಗೆ ಸಂಗಪ್ಪ ಬಂದು ಒಲೆಯ ಪಕ್ಕ ಕುಕ್ಕರುಗಾಲಲ್ಲಿ ಕೂತ. ಬೆಳಿಗ್ಗೆ ಒಂದು ಲೋಟ ಹಾಲು ಬಿಟ್ಟರೆ ಏನೂ ಇಲ್ಲ. ಮಾವ ಜೋಡಿ ಹಚ್ಚುವ ಹಿರಿಯರ ಜೊತೆ ಕಣದ ಆಚೆ ಇದ್ದರು.

"ವೈನಿ, ಒಂದ ಹಿಡಿ ಹಾಕ್ರಿ."

"ಕುಸ್ತಿ ಆಗಲೋ. ಆಮ್ಯಾಲ ಚೀಲಾನ ಸುರೀತೀನಿ."

"ಒಂದ ಹಿಡಿ ಏನ ಮಾಡ್ತೈತ್ರಿ?"

ಆ ಕಡೆಯಿಂದ ಖತೀಜಾಬಿ ಕೂಗಿದಳು: "ಏ ನೀಲಿ, ಕೊಡಬ್ಯಾಡ ಬೇ! ಹೊಟ್ಟಿ ತುಂಬಿದಾಂವ ಕಣದಾಗ ನಿದ್ದಿ ಮಾಡ್ತಾನ. ನಮ್ಮಾಂವನ್ನ ನೋಡು, ಟ್ರಕ್ಕಿನ ಕ್ಯಾಬಿನ್ನಾಗ ಕುಂಡ್ರಿಸಿ ಬಾಗಲಾ ಹಾಕೇನಿ."

"ನಿಮ್ಮ ಒಲಿ ವಾಸನೀಗಿ ಅಂವ ಒಳಗ ಸ್ಟೇರಿಂಗ್ ಕಡ್ಯಾಕತ್ತಾನ, ಹೋಗಿ ನೋಡ್ರಿ ಅಕ್ಕಾರ," ಎಂದ ಸಂಗಪ್ಪ. ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ ಹೇಳಿದ: "ವೈನಿ, ನಿಮ್ಮಂಗ ಸೀತನಿ ಸುಡಾಕ ಇಡೀ ತಿಕೋಟಾದಾಗ ಯಾರಿಗೂ ಬರೂದಿಲ್ಲ ನೋಡ್ರಿ."

ಕೊಟ್ಟೆ. ಒಂದು ಹಿಡಿ ಎಂದದ್ದು ಮರ ಬರಿದಾಗುವ ತನಕ ನಡೆಯಿತು. ಆಮೇಲೆ ಸುಟ್ಟ ಬದನೆಕಾಯಿಯ ಜೊತೆ ಎಳ್ಳು ಹಚ್ಚಿದ ಎರಡು ಸಜ್ಜೆ ರೊಟ್ಟಿ. ಮೇಲೆ ಒಂದು ತಂಬಿಗೆ ಮಜ್ಜಿಗೆ. ನಾನೇ ಬಡಿಸಿದೆ. ಬೇಡ ಎನ್ನಬೇಕಾದ ಪ್ರತಿಯೊಂದು ಸಲವೂ "ಇನ್ನೊಂದೀಟು" ಎಂದವಳು ನಾನು. ಕುಸ್ತಿಗೆ ಇನ್ನೂ ಮೂರು ತಾಸು ಇದೆ, ಕರಗುತ್ತದೆ ಎಂದು ಮನಸ್ಸಿಗೆ ಸಮಾಧಾನ ಹೇಳಿದೆ.

ಕರಗಲಿಲ್ಲ. ಹೆಂಗಸರೆಲ್ಲ ಗಾಡಿಗಳ ಮೇಲೆ ಹತ್ತಿ ನಿಂತು ನೋಡುತ್ತಿದ್ದೆವು. ದಸ್ತಗೀರ ಕ್ಯಾಬಿನ್ನಿನಿಂದ ಬಿಟ್ಟ ಹೋರಿಯಂತೆ ಇಳಿದ. ನಮ್ಮ ಸಂಗಪ್ಪ ಕೆರೆಯಿಂದ ಎದ್ದ ಎಮ್ಮೆಯಂತೆ ಬಂದು ಕೆಂಪು ಮಣ್ಣು ಮುಟ್ಟಿ ನಮಸ್ಕಾರ ಮಾಡಿದ. ಬಗ್ಗುವಾಗಲೇ ಅವನಿಗೆ ಕಷ್ಟವಾದದ್ದು ನನಗೆ ಕಂಡಿತು. ಒಂದು ತೆನೆ ಒಂದು ಮಗ್ಗುಲು ಸುಡಲು ಎಷ್ಟು ಹೊತ್ತು ಬೇಕೋ ಅಷ್ಟೂ ಹೊತ್ತು ಹಿಡಿಯಲಿಲ್ಲ. ಬೆನ್ನು ನೆಲಕ್ಕೆ ಹತ್ತಿತು. ಖತೀಜಾಬಿ ಟ್ರಕ್ಕಿನ ಮೇಲೆ ಎರಡೂ ಕೈ ಎತ್ತಿ ಕೂಗಿದಳು. ಕೂಗುತ್ತ ನನ್ನ ಮುಖ ಕಂಡಿತೇನೋ, ಸೆರಗು ಬಾಯಿಗೆ ಅಡ್ಡ ಹಿಡಿದು ನಗು ಮುಚ್ಚಿಕೊಂಡಳು. ಗೆದ್ದವನ ತಾಯಿ ಅಷ್ಟು ಮಾಡಿದ್ದು ಸಣ್ಣ ಮಾತಲ್ಲ.

ಮಾವ ಬಂದರು. ಬಯ್ಯಲಿಲ್ಲ. ಟ್ರೇಲರ್ ಹತ್ತುತ್ತ ಮಗನ ಕಡೆ ನೋಡದೆ "ಕೂರಿಗಿ" ಎಂದರು. ಅಷ್ಟೇ. ನಾನು ಉಣಿಸಿದ್ದು ಅವರಿಗೆ ಗೊತ್ತಿರಲಿಲ್ಲ. ಹೇಳಲು ಬಾಯಿ ತೆರೆದೆ, ತೆರೆದ ಬಾಯಿ ಹಾಗೆಯೇ ಮುಚ್ಚಿದೆ.

ಅಂದು ಸಂಜೆಯ ಪೂಜೆಯಲ್ಲಿ ಹರಕೆ ಹೊತ್ತೆ: ಸಂಗಪ್ಪ ತನ್ನ ಬಾಯಿಂದ ನನ್ನನ್ನು ಕ್ಷಮಿಸುವ ತನಕ ಸೀತನಿಯ ಒಂದು ಕಾಳೂ ಮುಟ್ಟುವುದಿಲ್ಲ. ಹರಕೆ ಹೊರುವಾಗಲೂ ನನ್ನಲ್ಲಿ ಸ್ವಲ್ಪ ಜಾಣತನವಿತ್ತು ಎಂದು ಒಪ್ಪಿಕೊಳ್ಳುತ್ತೇನೆ. ರೊಟ್ಟಿ ಬಿಡುತ್ತೇನೆ ಎನ್ನಬಹುದಿತ್ತು. ವರ್ಷದಲ್ಲಿ ಮೂರು ನಾಲ್ಕು ವಾರ ಮಾತ್ರ ಸಿಗುವ ಸೀತನಿಯನ್ನು ಬಿಟ್ಟೆ.

ಆದರೆ ಕ್ಷಮಿಸಬೇಕಾದರೆ ಮೊದಲು ಕೇಳಬೇಕು. ಕೇಳಲು ಧೈರ್ಯವಾಗಲಿಲ್ಲ. ಒಂದು ವರ್ಷ ಹೋಯಿತು, ಎರಡು ಹೋಯಿತು. ಸಂಗಪ್ಪ ಕೂರಿಗೆ ಹಿಡಿದ. ಕಳ್ಳಕವಟಗಿಯ ಹುಡುಗಿಯನ್ನು ಮದುವೆಯಾದ, ಎರಡು ಮಕ್ಕಳಾದವು. ಅವನು ಬಿತ್ತಲು ಹೋಗುವುದನ್ನು ನೋಡಿದಾಗಲೆಲ್ಲ ನನ್ನನ್ನೇ ಬೈದುಕೊಳ್ಳುತ್ತಿದ್ದೆ. ಕೊಲ್ಲಾಪುರದಲ್ಲಿ ಮೀಸೆ ತಿರುವಬೇಕಾದವನು ಇಲ್ಲಿ ಎತ್ತಿನ ಬಾಲ ತಿರುವುತ್ತಿದ್ದಾನೆ, ಅದೂ ನನ್ನ ಒಂದು ಮರ ಸೀತನಿಯ ದೆಸೆಯಿಂದ ಎಂದು. ಪರಿಹಾರಕ್ಕೆಂದು ಅವನ ತಾಟಿಗೆ ಒಂದು ಮಿಳ್ಳೆ ತುಪ್ಪ ಹೆಚ್ಚು ಹಾಕುತ್ತಿದ್ದೆ. ಅವನು ದಪ್ಪವಾದ. ವೈನಿಗೆ ಮೈದುನನ ಮೇಲೆ ಎಷ್ಟು ಅಂತಃಕರಣ ಎಂದು ಓಣಿಯವರು ಹೊಗಳಿದರು. ಪ್ರತಿ ಕರಿಗೂ ಸುಟ್ಟು, ಬಡಿದು, ಕೇರಿ, ಎಲ್ಲರ ಅಂಗೈಗೂ ಸುರಿದೆ. ನನ್ನ ಅಂಗೈ ಸೆರಗಿಗೆ ಒರೆಸಿಕೊಂಡೆ. ನೀಲವ್ವನಿಗೆ ಸೀತನಿ ಸೇರುವುದಿಲ್ಲ ಎಂದು ಜನ ತೀರ್ಮಾನ ಮಾಡಿದರು.

ಈ ವರ್ಷದ ಕರಿಯ ದಿನ ನನ್ನ ಬೆರಳಿಗೆ ಈಳಿಗೆ ತಾಗಿ ಬಟ್ಟೆ ಸುತ್ತಿಕೊಂಡಿದ್ದೆ. ಹೀಗಾಗಿ ಸಂಗಪ್ಪನೇ ಒಲೆಯ ಮುಂದೆ ಕೂತ. ಮಾವ ದೂರದಲ್ಲಿ ಕಂಬಳಿ ಹೊದ್ದು ಕಣ ನೋಡುತ್ತಿದ್ದರು. ಕೊಲ್ಲಾಪುರಕ್ಕೆ ಹೋಗಿ ಬಂದು ಈಗ ತಂದೆಯ ಟ್ರಕ್ಕು ಓಡಿಸುವ ದಸ್ತಗೀರ, ಹುಡುಗರ ಕುಸ್ತಿಗೆ ಪಂಚನಾಗಿ ನಿಂತಿದ್ದ. ಅವನನ್ನು ನೋಡುತ್ತಲೇ ನನ್ನ ಬಾಯಿಂದ ಮಾತು ಜಾರಿತು.

"ಸಂಗಪ್ಪಾ, ಅವತ್ತ ನಾ ನಿನಗ ಸೀತನಿ ಕೊಡಬಾರದಿತ್ತು."

"ಯಾವತ್ತ್ರಿ?"

"ನೀ ಸೋತ ದಿನ. ನನ್ನಿಂದ ನಿನ್ನ ಕೊಲ್ಲಾಪುರ ತಪ್ಪಿತು."

ಅವನು ತೆನೆ ಹೊರಳಿಸುವುದನ್ನು ನಿಲ್ಲಿಸಿ ನನ್ನನ್ನು ನೋಡಿದ. ಆಮೇಲೆ ನಗಲು ಶುರು ಮಾಡಿದ. ಮಾವನ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದ.

"ಏನ ವೈನಿ ನೀವು! ಆರ ವರ್ಷ ಇದನ್ನ ಹೊಟ್ಯಾಗ ಇಟಗೊಂಡಿರೇನು? ನನಗ ಕೊಲ್ಲಾಪುರ ಯಾರಿಗಿ ಬೇಕಾಗಿತ್ರಿ? ನನಗ ಹೊಲ ಬೇಕಾಗಿತ್ತು. ಅಪ್ಪನ ಮುಂದ ಹಂಗ ಅನ್ನಾಕ ಬಾಯಿ ಇರಲಿಲ್ಲ."

"ಮತ್ತ ಅವತ್ತ..."

"ತಾಲೀಮಿನ್ಯಾಗ ದಸ್ತಗೀರ ನನ್ನ ದಿನಾ ಕೆಡವತಿದ್ದ. ಆದ್ರೂ ಕುಸ್ತಿ ನೋಡ್ರಿ, ಒಮ್ಮೊಮ್ಮೆ ಎದುರಿನಾಂವನ ಕಾಲ ಜಾರತೈತಿ. ಎಲ್ಲೆರೆ ತಪ್ಪಿ ಗೆದ್ದಗಿದ್ದೇನ ಅಂತ ಹೆದರಿಕಿ ಬಂತು. ಅದಕ್ಕ ಹೊಟ್ಟಿ ಬಿರಿಯುವಂಗ ತಿಂದ ಇಳದೆ."

ಆರು ವರ್ಷದ ಭಾರ ಇಳಿದು ನಾನು ಹಗುರಾಗಬೇಕಿತ್ತು. ಇಳಿಯಿತು, ಸುಳ್ಳು ಹೇಳುವುದಿಲ್ಲ. ಆದರೆ ಇಳಿಯುವಾಗ ಎಲ್ಲೋ ಒಂದು ಕಡೆ ಕೆರೆದುಕೊಂಡು ಹೋಯಿತು. ತಡೆಯಲಾರದೆ ಕೇಳಿಯೇಬಿಟ್ಟೆ.

"ಹಂಗಾರ ನೀ ರುಚಿ ಬಿಡಲಾರದ ತಿಂದದ್ದಲ್ಲ?"

"ಅವತ್ತಿನ್ವು ಒಂದೀಟು ಕರಕಾಗಿದ್ವು ವೈನಿ," ಎಂದ ಆ ಪುಣ್ಯಾತ್ಮ. "ಬೆಲ್ಲಾ ಕಚಗೊಂಡ ಕಚಗೊಂಡ ನುಂಗಿದೆ."

ಆಗ ತಿಳಿಯಿತು. ಆರು ವರ್ಷ ನಾನು ಪಾಪವೆಂದು ಹೊತ್ತು ತಿರುಗಿದ್ದರಲ್ಲಿ ಅರ್ಧದಷ್ಟು ಬರೀ ಹೆಮ್ಮೆ. ನನ್ನ ಕೈಯ ಸೀತನಿ ಒಬ್ಬ ಪೈಲ್ವಾನನ ಬಾಳನ್ನೇ ತಿರುಗಿಸಿತು ಎಂದರೆ ಅದೇನು ಸಾಮಾನ್ಯ ಸೀತನಿಯೇ? ದೇವರ ಮುಂದೆ ಕಣ್ಣು ಮುಚ್ಚಿ ಕ್ಷಮೆ ಬೇಡುವಾಗಲೂ ಒಳಗೊಳಗೆ ಆ ರುಚಿಯನ್ನು ಚಪ್ಪರಿಸುತ್ತಿದ್ದೆನಲ್ಲ. ಶಿವನಿಗೆ ಮೊದಲ ದಿನವೇ ಗೊತ್ತಿದ್ದಿರಬೇಕು. ಹೇಳಲಿಲ್ಲ. ಸೀತನಿ ಬಿಡುತ್ತೇನೆ ಎಂದಾಗ ಬಿಡು ಎಂದು ಸುಮ್ಮನಿದ್ದ. ಹೆಮ್ಮೆಯ ರೋಗಕ್ಕೆ ಅದೇ ಪಥ್ಯವಾಗಿತ್ತೇನೋ.

"ಅದೇನರೆ ಇರಲಿ," ಎಂದೆ. "ಕ್ಷಮಾ ಮಾಡೇನಿ ಅಂತ ಒಂದ ಮಾತ ಅನ್ನು."

"ಯಾತಕ್ರಿ? ನೀವೇನ ಮಾಡೀರಿ?"

"ಅನ್ನೋ ಮಾರಾಯಾ, ಅನ್ನು!"

"ಕ್ಷಮಾ ಮಾಡೇನಿ," ಎಂದ, ಬಾಯಿ ತುಂಬ ಕಾಳು ಇಟ್ಟುಕೊಂಡು, ನನಗೆ ಏನೋ ಆಗಿದೆ ಎನ್ನುವಂತೆ ನೋಡುತ್ತ.

ಅಂಗೈ ಚಾಚಿದೆ. ಅವನು ಮರದಿಂದ ಒಂದು ಹಿಡಿ ಬಿಸಿ ಸೀತನಿ ಸುರಿದ. ಶಿವಾ ಎಂದು ಕಣ್ಣಿಗೊತ್ತಿಕೊಂಡು ಬಾಯಿಗೆ ಹಾಕಿಕೊಂಡೆ. ಒಂದು ಕಾಳೂ ಕರಕಲ್ಲ, ಒಂದು ಕಾಳೂ ಹಸಿಯಲ್ಲ. ಹಾಲು ಹಾಲು, ಹೊಗೆಯ ವಾಸನೆ ಎಷ್ಟು ಬೇಕೋ ಅಷ್ಟು. ನಾನು ಇಷ್ಟು ವರ್ಷ ಸುಟ್ಟ ಯಾವ ಸೀತನಿಯೂ ಇದರ ಹತ್ತಿರ ಬರುವಂತಿರಲಿಲ್ಲ. ಆ ಮಾತನ್ನು ಅವನಿಗೆ ಹೇಳಿಬಿಡಬೇಕೆಂದುಕೊಂಡೆ. ಆದರೆ ಬಾಯಿ ತುಂಬಿತ್ತು. ಇನ್ನೊಂದು ಹಿಡಿಗೆ ಕೈ ಚಾಚಿದೆ.